ಗೌಡ್ರೂ ನಮ್ಮ ಮೂರರಲ್ಲೊಂದು ಪಾಲೂ

ದೇವೇಗೌಡ್ರು ಅಂದ್ರೆ ನಮ್ ಕಡೆ ಎರಡು ಮಾತು ಇದ್ದೇ ಇರ್ತದೆ. ಒಂದು ಮನೇಲಿ ಪಟ ಹಾಕ್ಕೊಂಡವ್ರೆ, ಪಕ್ಕದ ಮನೇಲಿ ಹೆಸರೆತ್ತಿದ್ರೆ ಜಗಳ. ನಾನು ಯಾವ ಕಡೆಯೋಳೂ ಅಲ್ಲ. ಆದ್ರೆ ಹೆಂಗಸ್ರು ನೆನಪಿಡಬೇಕಾದ ಒಂದು ವಿಷಯ ಅವರ ಬದುಕಲ್ಲಿ ಅದೆ. ಅರಳಿಕಟ್ಟೆ ಮೇಲೆ ಕೂತ ಗಂಡಸ್ರು ಅದನ್ನ ಹೇಳೋದೇ ಇಲ್ಲ, ಅವರಿಗೆ ಯಾರು ಯಾರನ್ನ ಸೋಲಿಸಿದ್ರು ಅನ್ನೋದೇ ಸಾಕು.

ಗೌಡ್ರು ಮೂಲದಲ್ಲಿ ನಮ್ಮೂರೋರಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವ್ರು, ಹುಟ್ಟಿದ್ದು 1933ರಲ್ಲಿ. ಹಾಸನದಲ್ಲಿ ಡಿಪ್ಲೊಮಾ ಓದಿ ಕಂಟ್ರಾಕ್ಟ್ ಕೆಲಸ ಮಾಡ್ಕೊಂಡಿದ್ರು. ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದ್ರು, ತಾಲ್ಲೂಕು ಡೆವಲಪ್‌ಮೆಂಟ್ ಬೋರ್ಡಿನ ಮೆಂಬರಾದ್ರು. 1962ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗ್ಲಿಲ್ಲ ಅಂತ ಪಕ್ಷೇತರರಾಗಿ ನಿಂತು ಗೆದ್ದೇಬಿಟ್ರು. ಸಂಘ, ಬೋರ್ಡು ಅಂತ ಊರೂರು ತಿರುಗಿದೋರಿಗೆ ಪಾರ್ಟಿ ಇಲ್ದಿದ್ರೂ ಜನ ಇರ್ತಾರೆ ಅಂತ ನನಗನ್ಸೋದು.

ನಮ್ ಸೀಮೆಗೆ ಬಂದಿದ್ದು 1985ರಲ್ಲಿ, ಸಾತನೂರಿಗೆ. ಎದುರಿಗೆ ನಿಂತಿದ್ದು ಇನ್ನೂ ಹುಡುಗನಾಗಿದ್ದ ಡಿ.ಕೆ. ಶಿವಕುಮಾರ್. ಗೆದ್ದಿದ್ದು ಗೌಡ್ರು. 1989ರಲ್ಲಿ ಸ್ವಂತ ಹೊಳೆನರಸೀಪುರದಲ್ಲೇ ಸೋತ್ರು. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿ. 1996ರ ಜೂನ್ 1ನೇ ತಾರೀಖು ಪ್ರಧಾನಿ! ಆಗ ಅವರು ಪಾರ್ಲಿಮೆಂಟ್ ಮೆಂಬರೂ ಅಲ್ಲ, ನಮ್ಮ ರಾಮನಗರದ ಎಮ್ಮೆಲ್ಲೆ ಅಷ್ಟೆ. ರೇಷ್ಮೆಗೂಡು ಮಾರ್ಕೆಟ್ಟು, ಶೋಲೆ ಬೆಟ್ಟ ಅಂತ ಹೇಳ್ಕೋತಿದ್ದ ಊರಿಗೆ ಅವತ್ತು ಬೇರೆ ಗುರುತು ಸಿಕ್ತು ನೋಡಿ.

ಈಗ ನಾನು ಹೇಳ್ಬೇಕಂತಿದ್ದ ವಿಷಯ. ಅವರು ಪ್ರಧಾನಿಯಾಗಿದ್ದು ಒಂದು ವರ್ಷಾನೂ ಇಲ್ಲ, 1997ರ ಏಪ್ರಿಲ್‌ಗೆ ಮುಗೀತು. ಅಷ್ಟರಲ್ಲೇ, 1996ರ ಸೆಪ್ಟೆಂಬರ್ 12ಕ್ಕೆ, ಲೋಕಸಭೆ ವಿಧಾನಸಭೆ ಎರಡರಲ್ಲೂ ಮೂರರಲ್ಲೊಂದು ಪಾಲು ಸೀಟು ಹೆಂಗಸ್ರಿಗೆ ಅನ್ನೋ ಮಸೂದೇನ ಮೊದಲನೇ ಸಲ ಪಾರ್ಲಿಮೆಂಟಿಗೆ ತಂದಿದ್ದು ಅವರ ಸರ್ಕಾರ. ಪಾಸಾಗಲಿಲ್ಲ. ಆದ್ರೆ ಪಂಚೆ ಉಟ್ಟ ಹಳ್ಳಿ ಗೌಡ್ರಿಗೆ ಇದು ಹೊಸದೇನಲ್ಲ. ನಮ್ಮ ರಾಜ್ಯದಲ್ಲಿ 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೇಲೇ ನೂರಕ್ಕೆ 25 ಸೀಟು ಹೆಂಗಸ್ರಿಗೆ ಅಂತ ಇತ್ತು. ಅದಕ್ಕೆ ಕಾನೂನು ಮಾಡಿದ್ದು ಹೆಗಡೆಯವರ ಕಾಲದಲ್ಲಿ, ನಜೀರ್ ಸಾಬ್ ಮುಂದೆ ನಿಂತು. ಆ ಸರ್ಕಾರದಲ್ಲಿ ಗೌಡ್ರೂ ಮಂತ್ರಿ ಆಗಿದ್ರು.

ತಮಾಷೆ ಕೇಳಿ. 2002ರಲ್ಲಿ ಕನಕಪುರ ಲೋಕಸಭೆ ಉಪಚುನಾವಣೇಲಿ ಇದೇ ಶಿವಕುಮಾರ್‌ನ ಮತ್ತೆ ಸೋಲಿಸಿದ ಗೌಡ್ರನ್ನ, 2004ರಲ್ಲಿ ಅದೇ ಕನಕಪುರದಲ್ಲಿ ಸೋಲಿಸಿದ್ದು ಒಬ್ಬ ಹೆಣ್ಮಗಳು! ಟಿವಿ ಪತ್ರಕರ್ತೆ ಆಗಿದ್ದ ತೇಜಸ್ವಿನಿ. ಅದೇನು ಮೀಸಲು ಸೀಟಲ್ಲ ಕಣ್ರವ್ವ, ಎಲ್ಲರೂ ನಿಲ್ಲಬಹುದಾದ ಸೀಟು. ಮಾಜಿ ಪ್ರಧಾನೀನೇ ಮನೆಗೆ ಕಳಿಸಿದ್ಲು. (ಹಾಸನದಲ್ಲೂ ನಿಂತಿದ್ರು, ಅಲ್ಲಿ ಗೆದ್ರು, ಅದು ಬೇರೆ ಮಾತು.) 2018ರಲ್ಲಿ ಅವರ ಸೊಸೆ ಅನಿತಾ ಕುಮಾರಸ್ವಾಮಿ ರಾಮನಗರದ ಎಮ್ಮೆಲ್ಲೆ ಆದ್ರು. ದೊಡ್ಡ ಮನೆ ಸೊಸೆ ಆದ್ರೆ ಟಿಕೆಟ್ ಹುಡ್ಕೊಂಡು ಬರ್ತದೆ. ಮಾಮೂಲಿ ಮನೆ ಸೊಸೆಗೆ ಪಂಚಾಯ್ತಿ ಮೆಟ್ಟಿಲೇ ಕೊನೆ, ಅಲ್ಲೂ ಎಷ್ಟೋ ಕಡೆ ಸಹಿ ಅವಳದು, ಮಾತು ಗಂಡಂದು. ತಾಲ್ಲೂಕು ಬೋರ್ಡಿನಿಂದ ದಿಲ್ಲಿಗೆ ಹೋಗೋ ದಾರಿ ಗಂಡಸರಿಗೆ ಇದ್ದಂಗೆ ನಮಗೂ ಇರ್ಲಿ ಅಂತಾನೇ ಅಲ್ವಾ ಆ ಮಸೂದೆ ಕೇಳಿದ್ದು?

ಕೊನೆಗೂ 2023ರ ಸೆಪ್ಟೆಂಬರ್‌ನಲ್ಲಿ ಬೇರೆ ಸರ್ಕಾರ ಪಾಸು ಮಾಡಿಸ್ತು. ಗೌಡ್ರಿಗೆ ಆಗ ತೊಂಬತ್ತು ವರ್ಷ, ರಾಜ್ಯಸಭೆ ಮೆಂಬರು. ಆದ್ರೆ ಕಾನೂನಲ್ಲೇ ಬರೆದವ್ರೆ: ಮೊದ್ಲು ಜನಗಣತಿ ಆಗ್ಬೇಕು, ಆಮೇಲೆ ಕ್ಷೇತ್ರಗಳನ್ನ ಹೊಸದಾಗಿ ವಿಂಗಡಿಸ್ಬೇಕು, ಅದಾದ್ಮೇಲೆ ನಮ್ಮ ಪಾಲು. 1996ರಲ್ಲಿ ತೊಟ್ಟಿಲಲ್ಲಿದ್ದ ಹೆಣ್ಕೂಸುಗಳು ಇವತ್ತು ತಾಯಂದಿರಾಗವ್ರೆ.