ನೆರಳಿಗೆ ಸಿಗದ ಗಡ್ಡೆ

ಹತ್ತನೆಯವರಿಗೆ ಕ್ಷ-ಕಿರಣದ ಬಗ್ಗೆ ಹೇಳುವಾಗ ನಾವು ಮುರಿದ ಮೂಳೆಯ ಫಿಲ್ಮ್ ತೋರಿಸಿ ಮುಗಿಸಿಬಿಡುತ್ತೇವೆ. ಮೂಳೆ ಕಿರಣವನ್ನು ತಡೆಯುತ್ತದೆ, ಮಾಂಸ ಬಿಡುತ್ತದೆ. ಸರಿ, ಸ್ತನದೊಳಗಿನ ಗಡ್ಡೆ? ಅದೂ ಸುತ್ತಲಿನ ಅಂಗಾಂಶವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕಿರಣವನ್ನು ಹೀರುತ್ತವೆ. ಮ್ಯಾಮೋಗ್ರಾಮ್ ನೋಡಿದ ವೈದ್ಯರು ಕೆಲವೊಮ್ಮೆ "ಸ್ಪಷ್ಟವಿಲ್ಲ" ಎನ್ನಲು ಇದೂ ಒಂದು ಕಾರಣ. ಆ ಮಾತು ಕೇಳಿ ಮನೆಗೆ ಬಂದ ಹೆಂಗಸಿನ ರಾತ್ರಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಇಟಲಿಯ ಟ್ರಿಯೆಸ್ಟೆಯಲ್ಲಿ ಇಂಥ ಸಂಶಯ ಉಳಿದ ಮಹಿಳೆಯರನ್ನೇ 2006ರಿಂದ ಎಲೆಟ್ರಾ ಸಿಂಕ್ರೊಟ್ರಾನಿನಲ್ಲಿ ಪರೀಕ್ಷಿಸಿದರು. 259 ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಓಡುತ್ತವೆ. ಆಯಸ್ಕಾಂತ ಅವುಗಳ ದಾರಿ ಬಾಗಿಸಿದಾಗ ಕ್ಷ-ಕಿರಣ ಹೊಮ್ಮುತ್ತದೆ. ಕಿರಣ ಇದ್ದಲ್ಲೇ ಇರುತ್ತದೆ, ಬೋರಲು ಮಲಗಿದವರನ್ನೇ ಮೆಲ್ಲಗೆ ಸರಿಸಬೇಕು!

ತಿಳಿನೀರಿನ ಕೆರೆಯ ತಳದಲ್ಲಿ ಬಿಸಿಲಿನ ಗೆರೆಗಳು ಆಡುವುದನ್ನು ನಮ್ಮ ಮಕ್ಕಳು ಕಂಡಿದ್ದಾರೆ. ನೀರು ಬೆಳಕನ್ನು ತಡೆಯಲಿಲ್ಲ, ಅಲೆ ಬಾಗಿಸಿತು, ಅಷ್ಟೆ. ಇಲ್ಲೂ ಹಾಗೆಯೇ. ಗಡ್ಡೆಯ ಅಂಚಿನಲ್ಲಿ ಕಿರಣ ತೀರ ಸ್ವಲ್ಪ ಬಾಗುತ್ತದೆ. ಚಿತ್ರ ಹಿಡಿಯುವ ಫಲಕವನ್ನು ಸುಮಾರು 2 ಮೀಟರ್ ಹಿಂದಕ್ಕೆ ಇಟ್ಟರೆ ಆ ಅಂಚು ಗೆರೆಯಾಗಿ ಕಾಣುತ್ತದೆ. ಪುಸ್ತಕದ ವಕ್ರೀಭವನವೇ, ಬೇರೇನಲ್ಲ.

"ಸರ್, ಇದು ನಮ್ಮ ಕಾಸರಗೋಡಿಗೆ ಬರ್ತದಾ?"

ಉಂಗುರವಂತೂ ಬರಲಿಕ್ಕಿಲ್ಲ. ಇಂದೋರಿನ ಇಂಡಸ್-2 ಕೂಡ 172 ಮೀಟರ್ ಸುತ್ತಳತೆಯದು, ಆಸ್ಪತ್ರೆಯ ಕೋಣೆಯಲ್ಲಿ ಹಿಡಿಸದು. ಆದರೆ ಸೂಕ್ಷ್ಮ ಜಾಲರಿಗಳನ್ನು ಜೋಡಿಸಿದರೆ ಸಾಮಾನ್ಯ ಎಕ್ಸ್‌ರೇ ಕೊಳವೆಯಿಂದಲೂ ಈ ಬಾಗುವಿಕೆಯನ್ನು ಹಿಡಿಯಬಹುದೆಂದು ಸ್ವಿಟ್ಜರ್‌ಲ್ಯಾಂಡಿನ ಪಾಲ್ ಶೆರರ್ ಸಂಸ್ಥೆಯವರು ಅದೇ 2006ರಲ್ಲಿ ತೋರಿಸಿಕೊಟ್ಟಿದ್ದಾರೆ.