ಯಂತ್ರದ ಕಿವಿ

ಕಣ್ಣಿಗೆ ರೆಪ್ಪೆಯನ್ನು ಕೊಟ್ಟ ಬ್ರಹ್ಮ ಕಿವಿಗೆ ಬಾಗಿಲಿಡಲು ಮರೆತನೆಂದು ದೂರುವವರಿದ್ದಾರೆ. ನನಗೆ ಆ ದೂರಿಲ್ಲ. ಬಾಗಿಲಿಲ್ಲದಿದ್ದರೇನು, ಒಳಗೆ ಒಬ್ಬ ಜಾಣ ದ್ವಾರಪಾಲಕನನ್ನು ನಿಲ್ಲಿಸಿದ್ದಾನಲ್ಲ! ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಕಚೇರಿಗಳನ್ನು ಕೇಳಿದವರಿಗೆ ಇದು ಗೊತ್ತು. ಹೊರಗೆ ಬಸ್ಸು ಅರಚುತ್ತದೆ, ಹಿಂದಿನ ಸಾಲಿನಲ್ಲಿ ಮಗು ಅಳುತ್ತದೆ, ಪಕ್ಕದ ಮಹನೀಯರು ತೊಡೆಯ ಮೇಲೆ ತಪ್ಪು ತಾಳವನ್ನು ಧಾರಾಳವಾಗಿ ಬಡಿಯುತ್ತಾರೆ. ಆದರೂ ತೋಡಿ ನಮ್ಮೊಳಗೆ ತೋಡಿಯಾಗಿಯೇ ಬಂದು ಸೇರುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದನ್ನು ದ್ವಾರಪಾಲಕ ನಮ್ಮನ್ನು ಕೇಳದೆಯೇ ತೀರ್ಮಾನಿಸಿಬಿಡುತ್ತಾನೆ.

ಈಗಿನ ಲ್ಯಾಪ್‌ಟಾಪಿನ ಒಳಗೂ ಇಂಥವನೊಬ್ಬ ಕುಳಿತಿದ್ದಾನೆ ಎಂಬುದು ನನಗೆ ತಿಳಿದದ್ದು ನನ್ನ ಸೋದರತ್ತೆಯ ಹಾಡುಗಳನ್ನು ಮುದ್ರಿಸಿಕೊಳ್ಳಲು ಹೊರಟ ಮೇಲೆ. ಅತ್ತೆಗೆ ಈಗ 83. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡು ಎಂದು ನಲವತ್ತರಷ್ಟು ಹಾಡುಗಳು ಅವರ ಕಂಠದಲ್ಲಿವೆ. ಕೆಲವದರ ಸಾಹಿತ್ಯ ಹಳೆಯ ಪುಸ್ತಕಗಳಲ್ಲಿ ಸಿಕ್ಕೀತು. ಅವರ ಧಾಟಿ ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಕಳೆದ ವರ್ಷದಿಂದ ಅವರಿಗೆ ಎರಡನೆಯ ನುಡಿ ಮೊದಲು ಬಂದು, ಮೊದಲನೆಯದು ಆಮೇಲೆ ನೆನಪಾಗತೊಡಗಿದೆ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾನು ಒಂದು ಮೈಕನ್ನು ಕೊಂಡು ತಂದೆ.

ಅತ್ತೆ ತಂಬೂರಿಯನ್ನು ಮಡಿಲಿಗೇರಿಸಿ ಶ್ರುತಿ ಕೂಡಿಸಿದರು. ಎರಡು ಹಾಡಾದವು. ಹಿಂತಿರುಗಿಸಿ ಕೇಳಿದರೆ ವಿಚಿತ್ರ! ಮೊದಲ ಎರಡು ಮೀಟು ತಂಬೂರಿ ಕೇಳುತ್ತದೆ. ಆಮೇಲೆ ನೀರಿನಲ್ಲಿ ಮುಳುಗಿದಂತೆ ಇಲ್ಲವಾಗುತ್ತದೆ. ಸಾಲಿನ ಕೊನೆಯಲ್ಲಿ ಅತ್ತೆ ಎಳೆದು ನಿಲ್ಲಿಸಿದ ಸ್ವರವನ್ನು ಯಾರೋ ಮೆಲ್ಲಗೆ ಕದ ಮುಚ್ಚಿ ಅಡಗಿಸಿದಂತಿದೆ. ಕೇಳುತ್ತ ಕೇಳುತ್ತ ಅತ್ತೆಯ ಹುಬ್ಬು ಗಂಟಾಯಿತು. “ತಂಬೂರಿ ಎಲ್ಲಿ ಹೋಯ್ತೋ? ನಾನೇನು ಶ್ರುತಿಯಿಲ್ಲದೆ ಹಾಡಿದೆನೇನೋ?” ಎಂದರು.

ಮೈಕು ಚೆನ್ನಾಗಿಯೇ ಇತ್ತು, ತಂತಿಯೂ ಸರಿಯಾಗಿತ್ತು. ಕೆಲಸ ಮಾಡುತ್ತಿದ್ದವನು ಒಳಗಿನ ದ್ವಾರಪಾಲಕ. ಅವನ ಪಾಠಶಾಲೆ ಬೇರೆ. ಅವನು ಕಲಿತದ್ದು ಮಾತು ಕೇಳುವುದನ್ನು, ಅದರಲ್ಲಿಯೂ ಸಭೆಯ ಮಾತನ್ನು. 2020ರಲ್ಲಿ ನಾವೆಲ್ಲ ಪರದೆಯ ಮುಂದೆ ಕುಳಿತು ಹುಡುಗರಿಗೆ ಪಾಠ ಹೇಳಿದೆವಷ್ಟೆ. ಆಗ ಅಡಿಗೆಮನೆಯ ಮಿಕ್ಸಿಯನ್ನೂ ತಲೆಯ ಮೇಲಿನ ಫ್ಯಾನನ್ನೂ ಹುಡುಗರ ಕಿವಿಗೆ ಬೀಳದಂತೆ ತಡೆದ ಪುಣ್ಯಾತ್ಮ ಇವನೇ. ಅವನ ನ್ಯಾಯಸೂತ್ರ ಸರಳವಾದದ್ದು. ಮನುಷ್ಯನ ಮಾತು ಏರುತ್ತದೆ, ಇಳಿಯುತ್ತದೆ, ನಡುನಡುವೆ ತುಂಡಾಗುತ್ತದೆ. ಏರದೆ, ಇಳಿಯದೆ, ತುಂಡಾಗದೆ ಒಂದೇ ಸಮನೆ ಸಾಗುವುದು ಯಂತ್ರದ ಸದ್ದು, ಅದನ್ನು ಕಳೆಯಬೇಕು. ದನಿ ತೀರ ಸಣ್ಣದಾದರೆ ಎತ್ತಬೇಕು, ದೊಡ್ಡದಾದರೆ ತಗ್ಗಿಸಬೇಕು. ಮಾತಿಗೆ ಇದು ತಕ್ಕ ನ್ಯಾಯವೇ.

ಆದರೆ ತಂಬೂರಿ ಎಂದರೇನು? ಪಂಚಮ, ಎರಡು ಸಾರಣೆ, ಮಂದ್ರ ಷಡ್ಜ, ಈ ನಾಲ್ಕು ತಂತಿಗಳು ಏರದೆ, ಇಳಿಯದೆ, ತುಂಡಾಗದೆ ಸಾಗುವುದೇ ತಂಬೂರಿ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನೆಳೆಯನ್ನು ಸೇರಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸಿ, ನಾದ ಅರಳುವ ಜಾಗವನ್ನು ಹುಡುಕುತ್ತಾರೆ. ಆ ಎಳೆಗೆ ನಮ್ಮವರು ಇಟ್ಟ ಹೆಸರು ಜೀವ. ಹೀಗೆ ಜೀವ ತುಂಬಿ ಕೂಡಿಸಿದ ತಂಬೂರಿಯನ್ನು ಯಂತ್ರ ಅತ್ಯುತ್ತಮ ದರ್ಜೆಯ ಸೀಲಿಂಗ್ ಫ್ಯಾನು ಎಂದು ಭಾವಿಸುತ್ತದೆ! ಷಡ್ಜದಲ್ಲಿ ಅಲುಗದೆ ನಿಂತ ಗಾಯಕಿಗೂ ಅದೇ ಗತಿ. ಶ್ರುತಿ ಶುದ್ಧವಾದಷ್ಟೂ ಅವಳನ್ನು ಬೇಗ ಹೊರಗೆ ಕಳುಹಿಸುತ್ತದೆ. ದನಿ ನಡುಗಿದ್ದರೆ, ಪಾಪ, ಮನುಷ್ಯಳೆಂದು ಒಳಗೆ ಬಿಡುತ್ತಿತ್ತು.

ಮೈಕಿನ ಹೊಂದಾಣಿಕೆಗಳಲ್ಲಿ ಗದ್ದಲ ತಡೆ, ಪ್ರತಿಧ್ವನಿ ತಡೆ, ತಾನಾಗಿ ದನಿ ಏರಿಸುವುದು ಎಂಬ ಮೂರು ಉಪಕಾರಗಳಿದ್ದವು. ಮೂರನ್ನೂ ಆರಿಸಿದೆ. ತಂಬೂರಿ ಮರಳಿ ಬಂತು. ಕಾವಲುಗಾರ ಹೋದ ಮೇಲೆ ಕಾವಲು ನಮ್ಮದಾಗುತ್ತದೆ ಎಂಬುದೂ ಆಗಲೇ ತಿಳಿಯಿತು. ಇಷ್ಟು ದಿನ ಅಡಗಿದ್ದ ಒಂದು ಗುಂಯ್‌ಕಾರ ಈಗ ತಲೆಯೆತ್ತಿತು. ಅತ್ತೆ ಕಿವಿಗೊಟ್ಟು, “ಇನ್ನೊಬ್ಬರು ಯಾರೋ ಸರಿಯಾಗಿ ಕೂಡಿಸದ ತಂಬೂರಿ ಮೀಟ್ತಿದ್ದಾರೆ ಕಣೋ” ಎಂದರು. ಆ ಮಾತು ಲೆಕ್ಕಕ್ಕೂ ಸರಿಹೋಗುತ್ತದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದರ ಸದ್ದು 50ರಲ್ಲಿಯೂ ಅದರ ಗುಣಕಗಳಲ್ಲಿಯೂ ಕೇಳುತ್ತದೆ. ಅತ್ತೆಯ ಶ್ರುತಿ ಐದು ಮನೆ, ಅಂದರೆ ಸುಮಾರು 196 ಆವರ್ತ. 50ರ ನಾಲ್ಕರಷ್ಟು 200. ಅಲ್ಲಿಗೆ ಶ್ರುತಿಯ ಪಕ್ಕದಲ್ಲಿಯೇ ಒಂದು ಅಪಶ್ರುತಿ. ದೂರದ ವೈರಿಗಿಂತ ನೆರೆಮನೆಯ ವೈರಿ ಕಷ್ಟ. ಚಾರ್ಜರಿನ ಪಿನ್ನನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದೊಡನೆ ಅದು ನಿಂತಿತು. ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಮೇಜಿನ ಮರದ ಮೂಲಕ ಮೈಕಿಗೆ ಹತ್ತುತ್ತಿತ್ತು. ಮೈಕಿನ ಅಡಿಗೆ ಮಡಿಸಿದ ಜಮಖಾನ ಹಾಕಿ, ಲ್ಯಾಪ್‌ಟಾಪನ್ನು ದೂರದ ಕುರ್ಚಿಗೆ ಸಾಗಿಸಿದ್ದಾಯಿತು. ದನಿಯ ಮಟ್ಟವನ್ನು ತಾರಸ್ಥಾಯಿಯಲ್ಲಿ ಹಾಡಿಸಿ ನೋಡಿ, ಸೊನ್ನೆ ಡೆಸಿಬೆಲ್ಲಿಗೆ 12ರಷ್ಟು ಕೆಳಗೆ ನಿಲ್ಲಿಸಿದೆ. ಸೊನ್ನೆಯನ್ನು ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹೋದ ತಲೆ ಮತ್ತೆ ಬರುವುದಿಲ್ಲ.

ಯಂತ್ರಕ್ಕೂ ಗಾಯಕರಿಗೂ ಈ ಜಗ್ಗಾಟ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲ ಗ್ರಾಮಫೋನು ಮುದ್ರಿಕೆಗಳಿಗೆ ಹಾಡಿದಾಗ ವಿದ್ಯುತ್ ಮೈಕು ಇರಲಿಲ್ಲ. ತುತ್ತೂರಿಯ ಬಾಯಿಗೆ ಮುಖವೊಡ್ಡಿ, ಕಂಠದ ಬಲದಿಂದಲೇ ಮುಳ್ಳು ಕೊರೆಯುವಂತೆ ಹಾಡಬೇಕಾಗಿತ್ತು. ಅದೂ ಮೂರು ನಿಮಿಷದೊಳಗೆ. ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆ ಮಹಾಗಾಯಕಿ ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಮುದ್ರಿಕೆಗಳಲ್ಲಿ ಸಣ್ಣ ನಾದಗಳು ಎಷ್ಟೋ ಕಳೆದುಹೋಗಿವೆ, ನಿಜ. ಆದರೆ ತುತ್ತೂರಿ ಕಿವುಡಾಗಿತ್ತು, ಕೇಳಲಾರದೆ ಬಿಟ್ಟಿತು. ನಮ್ಮ ಯಂತ್ರಕ್ಕೆ ಎಲ್ಲವೂ ಕೇಳುತ್ತದೆ. ಕೇಳಿದ ಮೇಲೆ ಇದು ಬೇಡ ಎಂದು ಎಸೆಯುತ್ತದೆ. ಕಿವುಡನ್ನು ಕ್ಷಮಿಸಬಹುದು, ಈ ವಿವೇಕವನ್ನು ಕ್ಷಮಿಸುವುದು ಕಷ್ಟ. ಹೀಗೆ ಎಸೆದದ್ದು ಕಡತದಲ್ಲಿ ಉಳಿಯುವುದೇ ಇಲ್ಲವಾದ್ದರಿಂದ ಮುಂದೆ ಯಾವ ಪಂಡಿತನೂ ಅದನ್ನು ಹುಡುಕಿ ತೆಗೆಯಲಾರ.

ಅಜ್ಜಿಯ, ತಾಯಿಯ ಹಾಡನ್ನು ಹಿಡಿದಿಡಬೇಕೆಂದಿರುವ ಓದುಗರು ಅನೇಕರಿದ್ದಾರು. ಅವರಿಗೆ ಒಂದು ಸಣ್ಣ ಪರೀಕ್ಷೆಯನ್ನು ಹೇಳುತ್ತೇನೆ. ಮೊದಲು ಬರಿಯ ಶ್ರುತಿಯನ್ನು, ತಂಬೂರಿಯಾಗಲಿ ಶ್ರುತಿಪೆಟ್ಟಿಗೆಯಾಗಲಿ, ಒಂದು ನಿಮಿಷ ಮುದ್ರಿಸಿ ಕೇಳಿ. ಕೊನೆಯ ಸೆಕೆಂಡಿನಲ್ಲಿಯೂ ಅದು ಮೊದಲಿನಷ್ಟೇ ತುಂಬಿಕೊಂಡಿದ್ದರೆ ಹಾಡಿಸಿ. ತೆಳುವಾಗುತ್ತ ಹೋದರೆ, ದ್ವಾರಪಾಲಕ ಎಚ್ಚರವಾಗಿದ್ದಾನೆಂದು ತಿಳಿಯಿರಿ.

ಹನ್ನೊಂದನೆಯ ಹಾಡಿನ ನಡುವೆ ಅತ್ತೆಗೆ ನುಡಿ ತಪ್ಪಿತು. ದನಿ ನಿಂತಿತು, ಬೆರಳು ನಿಲ್ಲಲಿಲ್ಲ. ತಂಬೂರಿಯೊಂದೇ ಮೀಟುತ್ತ ಮೀಟುತ್ತ ಜಾಗ ಹಿಡಿದುಕೊಂಡು ಕಾಯಿತು. ನುಡಿ ಸಿಕ್ಕಿತು, ಅತ್ತೆ ಅದೇ ಷಡ್ಜಕ್ಕೆ ಬಂದು ನಿಂತು ಮುಂದಕ್ಕೆ ಹಾಡಿದರು. ಮುಗಿದ ಮೇಲೆ, “ಮಧ್ಯೆ ಸುಮ್ಮನಿದ್ದದ್ದನ್ನ ತೆಗೆದುಬಿಡೋ, ಕೇಳಿದವರು ನಗ್ತಾರೆ” ಎಂದರು. “ಸುಮ್ಮನೆಲ್ಲಿದ್ರಿ ಅತ್ತೆ, ಮೀಟ್ತಿದ್ರಲ್ಲ” ಎಂದೆ. ಅದನ್ನು ಹಾಗೆಯೇ ಇಟ್ಟಿದ್ದೇನೆ.

ಇದುವರೆಗೆ 27 ಹಾಡುಗಳಾಗಿವೆ. ಹಸೆಯ ಹಾಡುಗಳಲ್ಲಿ ದೊಡ್ಡದೊಂದು ಇನ್ನೂ ಉಳಿದಿದೆ. ಅದರ ಎತ್ತುಗಡೆ ಬೆಳಗಿನ ಹೊತ್ತು ನೆನಪಿಗೆ ಬರುತ್ತದೆಯಂತೆ, ಸಂಜೆಗೆ ಬರುವುದಿಲ್ಲವಂತೆ. ಭಾನುವಾರ ಕಾಫಿಗೆ ಮುಂಚೆಯೇ ಬಾ ಎಂದು ಹೇಳಿ ಕಳುಹಿಸಿದ್ದಾರೆ.