ಕೋತಿ ಪೈಪು, ಉದ್ದನೆ ವೈರು

ವಿದೇಶಗಳಲ್ಲಿ ಪೈಪಿನ ಬಂದೂಕಿಗೆ ಉರ್ಲಗಡ್ಡೆ ತುರುಕಿ ಹಾರಿಸುವುದೇ ಒಂದು ಹವ್ಯಾಸವಂತೆ. ಚಿಕ್ಕಬಳ್ಳಾಪುರದ ರೈತ ಇದನ್ನು ಕೇಳಿದರೆ ಜಲಂಧರದ ಬಿತ್ತನೆ ಗಡ್ಡೆಗೆ ಕೊಟ್ಟ ದುಡ್ಡು ನೆನೆದು ಎದೆ ಹಿಡಿದುಕೊಂಡಾನು. ನಮ್ಮಲ್ಲೂ ಪೈಪಿದೆ. ಆದರೆ ಹಾರಿಸಲು ಏನೂ ಇಲ್ಲ, ಬರೀ ಸದ್ದು.

ದ್ರಾಕ್ಷಿಗೆ ಹಕ್ಕಿ ಬಂದರೆ ಬಲೆ ಕಟ್ಟಬಹುದು. ಚಿಂತಾಮಣಿ ಕಡೆಯ ಕಡಲೆಕಾಯಿ ಹೊಲಕ್ಕೆ ಕೋತಿ ಹಿಂಡು ಇಳಿದರೆ ಬಲೆ ಏನು ಮಾಡೀತು? ಹಾಗಾಗಿ ಪಿವಿಸಿ ಪೈಪು. ಒಳಗೆ ಕಾರ್ಬೈಡು, ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಅನಿಲ, ಹಿಂಬದಿಯಲ್ಲಿ ಗ್ಯಾಸ್ ಒಲೆಯ ಲೈಟರು. ಟಕ್ ಅಂದರೆ ಢಂ. ಮೊದಲ ವಾರ ಕೋತಿ ಓಡುತ್ತದೆ. ಆಮೇಲೆ ಹುಣಸೆಮರದ ಮೇಲೆ ಕೂತು, ಸದ್ದು ಮುಗಿಯಲಿ ಅಂತ ಕಾಯುತ್ತದೆ.

ಅಪಾಯ ಢಂ ಅನ್ನದೆ ಇದ್ದಾಗಲೇ. ಟಕ್ ಟಕ್ ಅನ್ನಿಸಿ ಬೇಸತ್ತವನು ಪೈಪು ತಿರುಗಿಸಿ ಒಳಗೆ ಬಗ್ಗಿ ನೋಡುತ್ತಾನೆ. 2025ರ ದೀಪಾವಳಿಯಲ್ಲಿ ಭೋಪಾಲದ ಸುತ್ತಮುತ್ತ ಎಷ್ಟೋ ಮಕ್ಕಳ ಕಣ್ಣು ಸುಟ್ಟಿದ್ದು ಇಂಥದೇ ಪೈಪುಗಳಿಂದ. ಮೇಲಾಗಿ ಪೈಪು ಮಾಡಿದ್ದು ನೀರಿಗೆ, ಬೆಂಕಿಗಲ್ಲ. ಬಿಸಿಲಿಗೆ ಒಣಗಿ ಪೆಡಸಾದರೆ ಅದೇ ಸೀಳಿ ಚೂರಾಗುತ್ತದೆ.

ಅಕ್ಕನ ಮಗ ಡಿಪ್ಲೊಮಾ ಓದಿದವನು. "ಮಾವ, ಉದ್ದಕ್ಕೆ ವೈರ್ ಎಳೆದ್ರೆ ಆಯ್ತು, ಬದುವಿನ ಮೇಲೆ ಕೂತೇ ಹೊಡೀಬೋದು" ಅಂದ. ಎಳೆದೂ ನೋಡಿದ. ಆ ತುದಿಯಲ್ಲಿ ಕಿಡಿಯೇ ಇಲ್ಲ. ಲೈಟರಿನೊಳಗಿನ ಹರಳಿಗೆ ಪೆಟ್ಟು ಬಿದ್ದರೆ ಸಾವಿರಾರು ವೋಲ್ಟ್ ಹುಟ್ಟುವುದು ನಿಜ. ಕ್ಯೂರಿ ಸಹೋದರರು ಹರಳಿನ ಈ ಗುಣ ಕಂಡುಹಿಡಿದದ್ದು 1880ರಲ್ಲೇ. ಆದರೆ ಅದರಲ್ಲಿರುವ ವಿದ್ಯುತ್ತು ಚಿಟಿಕೆಯಷ್ಟು. ಉದ್ದನೆ ವೈರು ಅದನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಒಳ್ಳೆಯದೇ ಆಯಿತು ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ವೈರೆಳೆದು ದೂರದಿಂದ ಸಿಡಿಸುವ ಕಸುಬು ನಮ್ಮ ಜಿಲ್ಲೆಗೆ ಹೊಸದಲ್ಲ, ಕಲ್ಲು ಕ್ವಾರಿಗಳಿವೆಯಲ್ಲ. ಅಲ್ಲಿ ವೈರಿಗಿಂತ ಕಟ್ಟುಪಾಡು ಉದ್ದ. ಡಿಟೋನೇಟರಿನ ಎರಡು ತಂತಿ ಕೊನೇ ಗಳಿಗೆಯವರೆಗೆ ಒಂದಕ್ಕೊಂದು ಹೊಸೆದೇ ಇರಬೇಕು. ಸಿಡಿಸುವ ಪೆಟ್ಟಿಗೆಯ ಕೀಲಿ ಒಬ್ಬನ ಹತ್ತಿರವೇ, ಅದೂ ಪರವಾನಗಿ ಇರುವವನ ಹತ್ತಿರ. ಸುತ್ತಲಿನವರನ್ನೆಲ್ಲ ಕಳಿಸಿ, ಕೂಗು ಹಾಕಿ, ಆಮೇಲೆ ಮದ್ದು. ಇದೆಲ್ಲ ತಪ್ಪಿದರೆ ಏನಾಗುತ್ತದೆಂದು 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ನೋಡಿದ್ದೇವೆ. ಅಕ್ರಮ ಜಿಲೆಟಿನ್ ಸಾಗಿಸಲು ಹೋಗಿ ಆರು ಜನ ಸತ್ತರು.

ಹುಡುಗನಿಗೆ ಇದೆಲ್ಲ ಹೇಳಿದೆ. ಅವನ ತಲೆ ಆಗಲೇ ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರಿಗೆ ಹೋಗಿತ್ತು. ಮನೆಯಿಂದಲೇ ಮೋಟರ್ ಹಾಕುವ ಹಾಗೆ ಮನೆಯಿಂದಲೇ ಢಂ ಅನ್ನಿಸಬೇಕಂತೆ.

"ನೀನು ಮನೇಲಿ ಬಟನ್ ಒತ್ತೋವಾಗ ಪೈಪಿನ ಮುಂದೆ ಯಾರವ್ರೆ ಅಂತ ನೋಡೋರ್ಯಾರೋ?"

"ಕೋತಿ ಇರ್ತದಲ್ಲ ಮಾವ."

ಅಕ್ಕ ಅವತ್ತು ಸಂಜೆಯೇ ಆ ಪೈಪನ್ನು ಹಿತ್ತಿಲಿನ ಬಚ್ಚಲು ನೀರಿಗೆ ಜೋಡಿಸಿದಳು.